ಮಹದೇವು ಅವರ ಗಂಟಲಲ್ಲಿ ಸಿಕ್ಕಿಕೊಂಡದ್ದು

ಹಿನಕಲ್‌ನ ಮಹದೇವು ಅವರ ಗಂಟಲಲ್ಲಿ ಏಪ್ರಿಲ್ ಹದಿಮೂರನೇ ತಾರೀಖು ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಏನೋ ಸಿಕ್ಕಿಕೊಂಡಿತು. ಬೇರೆಯವರಾಗಿದ್ದರೆ ‘ಯುಗಾದಿ ಆದಮೇಲೆ ಯಾವಾಗಲೋ’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಮಹದೇವು ಆ ಜಾತಿಯ ಮನುಷ್ಯರಲ್ಲ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಅವರು ಇಪ್ಪತ್ತೆಂಟು ವರ್ಷಗಳಿಂದ ಕ್ವಾಲಿಟಿ ಇನ್ಸ್‌ಪೆಕ್ಟರು. ಸ್ಕೂಟರಿಗೆ ಹೋಗುವ ಹಿತ್ತಾಳೆ ಬುಷ್‌ಗಳು, ಉಂಗುರದಂಥ ಸಣ್ಣ ಬಿಡಿಭಾಗಗಳು, ತಟ್ಟೆ ತಟ್ಟೆಯಾಗಿ ಅವರ ಮೇಜಿಗೆ ಬರುತ್ತವೆ. ಅವರು ಅಳೆಯುತ್ತಾರೆ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ಕೆಂಪು ಚೀಟಿ. ಎಲ್ಲ ಸರಿ ಇದ್ದರೆ ಹಸಿರು ಚೀಟಿ, ಅದರ ಮೇಲೆ ಅವರ ಸಹಿ. ಹಸಿರು ಚೀಟಿ ಬಿದ್ದ ಮಾಲು ಗೇಟು ದಾಟುತ್ತದೆ.

ಕೆಂಪು ಚೀಟಿಯನ್ನು ಅವರು ಕಣ್ಣು ಮಿಟುಕಿಸದೆ ಅಂಟಿಸುತ್ತಿದ್ದರು. ಹಸಿರು ಚೀಟಿ ಅಂಟಿಸುವಾಗ ಮಾತ್ರ ಹೆಬ್ಬೆರಳು ಒಂದು ಕ್ಷಣ ಹಿಂದೆಮುಂದೆ ನೋಡುತ್ತಿತ್ತು.

ಮನೆಯಲ್ಲೂ ಇದೇ ಪದ್ಧತಿ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅವರು ಹೆಂಡತಿ ಮಂಗಳಮ್ಮನ ಅಡುಗೆಯನ್ನು ‘ಚೆನ್ನಾಗಿದೆ’ ಎಂದದ್ದಿಲ್ಲ. ತಪ್ಪಿದ್ದರೆ ಹೇಳುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಉಣ್ಣುತ್ತಿದ್ದರು. ಆ ಮೌನವೇ ಹಸಿರು ಚೀಟಿ ಎಂದು ಮಂಗಳಮ್ಮ ತಿಳಿದುಕೊಂಡಿದ್ದರು. ಸಂಸಾರ ಹೀಗೂ ನಡೆಯುತ್ತದೆ.

ಆ ಭಾನುವಾರ ಮನೆಗೆ ಊಟಕ್ಕೆ ಬಂದಿದ್ದವನು ನಿಶಾಂತ್. ಬೋಗಾದಿಯ ಹುಡುಗ, ವಿದ್ಯುತ್ ಇಲಾಖೆಯಲ್ಲಿ ಜೂನಿಯರ್ ಎಂಜಿನಿಯರು. ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮಗಳು ಗಗನ ತಾನೇ ಮೆಚ್ಚಿ, ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದಳು. ಎರಡು ಕಡೆಯ ಹಿರಿಯರೂ ಒಪ್ಪಿದ್ದರು. ಬಾಕಿ ಇದ್ದದ್ದು ಅಪ್ಪನ ಒಂದು ಮಾತು.

ಮಹದೇವು ಸಿದ್ಧವಾಗಿದ್ದರು. ಜೇಬಿನಲ್ಲಿ ಇಪ್ಪತ್ಮೂರು ಅಂಶಗಳ ಪಟ್ಟಿ ಇತ್ತು. ಚಪ್ಪಲಿ ಜೋಡಿಸಿ ಬಿಟ್ಟನೆ? ಜೋಡಿಸಿದ. ಅಜ್ಜಿ ಕೇಳಿದ್ದಕ್ಕೆ ಎದ್ದುನಿಂತು ಉತ್ತರ ಕೊಟ್ಟನೆ? ಕೊಟ್ಟ. ಮುದ್ದೆಯನ್ನು ಅಗಿದನೋ ನುಂಗಿದನೋ? ನುಂಗಿದ, ಎರಡೂವರೆ ಮುದ್ದೆ. ಕೈ ತೊಳೆದು ನಲ್ಲಿಯನ್ನು ಪೂರ್ತಿ ನಿಲ್ಲಿಸಿದನೆ? ಒಂದು ಹನಿಯೂ ಬೀಳದಂತೆ ನಿಲ್ಲಿಸಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಗಗನ ಮೆಲ್ಲಗೆ ಕೇಳಿದಳು: “ಹೆಂಗಪ್ಪಾ?”

ಮಹದೇವು ಅವರ ಬಾಯಲ್ಲಿ ಮುದ್ದೆಯ ಕಡೆಯ ತುತ್ತು ಇತ್ತು. ಒಂದು ಮಾತು ಹೇಳಬೇಕಾಗಿತ್ತು. ಆ ಮಾತು ಮೇಲಕ್ಕೆ ಬರಲಿಲ್ಲ, ಮುದ್ದೆ ಕೆಳಕ್ಕೆ ಇಳಿಯಲಿಲ್ಲ. ಎರಡು ಲೋಟ ನೀರು ಕುಡಿದು ಅವರು ಹೇಳಿದ್ದು ಇಷ್ಟೆ: “ನೋಡೋಣ.”

ಅವತ್ತಿನಿಂದ ಎರಡು ತಿಂಗಳು ಗಗನ ಕಾಯುತ್ತಲೇ ಇದ್ದಳು. ಅವತ್ತಿನಿಂದ ಎರಡು ತಿಂಗಳು ಮಹದೇವು ಅವರಿಗೆ ಮುದ್ದೆ ಇಳಿಯುತ್ತಲೂ ಇರಲಿಲ್ಲ. ಗಂಜಿ ಇಳಿಯುತ್ತಿತ್ತು, ಮೆತ್ತಗಿನ ಅನ್ನ ಮನಸ್ಸು ಮಾಡಿದರೆ ಇಳಿಯುತ್ತಿತ್ತು. ಮುದ್ದೆ ಕಂಡರೆ ಮಾತ್ರ ಗಂಟಲು ಬಾಗಿಲು ಹಾಕಿಕೊಳ್ಳುತ್ತಿತ್ತು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಬುದ್ಧಿ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿದರು. ಸ್ಕ್ಯಾನ್ ಆಯಿತು, ರಕ್ತಪರೀಕ್ಷೆ ಆಯಿತು. ಎಲ್ಲ ಸರಿ ಇದೆ ಎಂದು ವರದಿ ಬಂತು. ದೋಷ ಸಿಗಲಿಲ್ಲ ಎನ್ನುವುದಕ್ಕೆ ಮಹದೇವು ಅವರ ಕಸುಬಿನಲ್ಲಿ ಒಂದೇ ಅರ್ಥ, ಸರಿಯಾಗಿ ಹುಡುಕಿಲ್ಲ. ಅವರು ವರದಿಗಳನ್ನೇ ತಪಾಸಣೆ ಮಾಡಿದರು. ಒಂದರಲ್ಲಿ ವಯಸ್ಸು ಐವತ್ತನಾಲ್ಕರ ಬದಲು ನಲವತ್ತೈದು ಎಂದಿತ್ತು. “ಇವರಿಗೆ ನನ್ನ ವಯಸ್ಸೇ ಸರಿಯಾಗಿ ಕಾಣಿಸಿಲ್ಲ, ಗಂಟಲು ಕಾಣಿಸುತ್ತಾ?” ಎಂದು ಕೇಳಿದರು. ಗಂಟಲಿನ ಡಾಕ್ಟರು ನಿಟ್ಟುಸಿರು ಬಿಟ್ಟು, ಸಿದ್ಧಾರ್ಥನಗರದ ಡಾಕ್ಟರ್ ರಮಾಮಣಿ ಅವರ ಹೆಸರಿಗೆ ಒಂದು ಚೀಟಿ ಬರೆದುಕೊಟ್ಟರು.

ರಮಾಮಣಿ ಮನೋವೈದ್ಯೆ. ಈ ವಿಷಯವನ್ನು ಮಹದೇವು ಮನೆಯಲ್ಲಿ ಹೇಳಲಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆಂದು ಬೆಳಿಗ್ಗೆ ಗೊತ್ತಾದರೆ, ಸಂಜೆಯೊಳಗೆ ಹಿನಕಲ್‌ನ ಕೊನೆಯ ಕ್ರಾಸ್‌ವರೆಗೂ ಸುದ್ದಿ ತಲುಪುತ್ತದೆಂದು ಅವರ ಅಂದಾಜು. “ಗಂಟಲಿಗೇ ಇನ್ನೂ ದೊಡ್ಡ ಡಾಕ್ಟರು” ಎಂದಷ್ಟೇ ಹೇಳಿ ಹೊರಟರು. ಮುಂದೆ ನಡೆದದ್ದಕ್ಕೆಲ್ಲ ಮೂಲ ಈ ಸಣ್ಣ ಜಂಬ.

ರಮಾಮಣಿ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಹೇಳಿದರು: “ನೋಡಿ ಮಹದೇವು ಅವರೇ, ನಿಮಗೆ ಸಿಕ್ಕಿಕೊಂಡ ಹಾಗೆ ಆಗ್ತಿರೋದು ಸುಳ್ಳಲ್ಲ. ಅಲ್ಲಿನ ಸ್ನಾಯು ನಿಜವಾಗಿಯೂ ಬಿಗಿ ಹಿಡ್ಕೊಂಡಿದೆ. ಆದರೆ ಗಡ್ಡೆ ಇಲ್ಲ, ಹುಣ್ಣಿಲ್ಲ. ಮನಸ್ಸಿನ ಮೇಲೆ ಏನೋ ಭಾರ ಬಿದ್ದಿದೆ, ಗಂಟಲು ಮುಷ್ಟಿ ಬಿಗಿದಿದೆ.”

“ಮುಷ್ಟಿ ಬಿಚ್ಚೋಕೆ ಮಾತ್ರೆ ಕೊಡಿ ಮೇಡಂ.”

“ಮಾತ್ರೆ ಬೇಡ. ಕೆಲಸ ಕೊಡ್ತೀನಿ. ಇಪ್ಪತ್ತೆಂಟು ವರ್ಷ ಕೆಟ್ಟದ್ದನ್ನ ಹುಡುಕಿದ್ದೀರಿ. ಇನ್ನು ಹದಿನೈದು ದಿನ ಒಳ್ಳೇದನ್ನ ಹುಡುಕಿ. ದಿನಕ್ಕೆ ಮೂರು. ಪುಸ್ತಕದಲ್ಲಿ ಬರೀರಿ, ಸಂಬಂಧಪಟ್ಟವರಿಗೆ ಬಾಯಿಬಿಟ್ಟು ಹೇಳಿ.”

“ಮೂರು ಅಂದರೆ ಕನಿಷ್ಠ ಮೂರಾ, ಗರಿಷ್ಠ ಮೂರಾ?”

“ಮೂರು.”

“ಒಳ್ಳೇದು ಅನ್ನೋಕೆ ಅಳತೆ?”

“ಒಂದು ಕ್ಷಣ ಹಾಯೆನಿಸಿದರೆ ಸಾಕು.”

“ಹಾಯೆನಿಸೋದು ಅಂದರೆ ಎಷ್ಟು ಮೇಡಂ?”

ರಮಾಮಣಿ ಕನ್ನಡಕ ತೆಗೆದು ಒರೆಸಿಕೊಂಡರು. “ಅದು ನಿಮಗೇ ಗೊತ್ತಾಗುತ್ತೆ. ಮುಂದಿನ ಸಲ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ. ಎಲ್ಲರೂ ಕೂತು ಮಾತಾಡೋಣ.”

ಮಹದೇವು ಮನೆಗೆ ಬಂದಾಗ ತಾಯಿ ಚೆಲುವಮ್ಮ ಜಗಲಿಯಲ್ಲಿ ಕೂತು ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದರು. ಮಂಗಳಮ್ಮ ಸೊಪ್ಪು ಬಿಡಿಸುತ್ತಿದ್ದರು.

“ಏನಂದ್ರು ಡಾಕ್ಟ್ರು?” ಎಂದರು ಮಂಗಳಮ್ಮ.

“ಏನೂ ಇಲ್ಲವಂತೆ.”

“ಔಸ್ದಿ?”

“ಬೇಡವಂತೆ.”

ಕುಟ್ಟಾಣಿಯ ಸದ್ದು ನಿಂತಿತು. “ಮತ್ತಿನ್ನೇನಂತ್ಲಾ ಮಾದೇವ?” ಎಂದರು ಚೆಲುವಮ್ಮ.

“ಹದಿನೈದು ದಿನ ಬಿಟ್ಟು ಶನಿವಾರ ಮನೆಯವರನ್ನೆಲ್ಲ ಕರ್ಕೊಂಡು ಬರಬೇಕಂತೆ.”

ಮೂರೂ ಮಾತುಗಳು ಅಕ್ಷರಶಃ ನಿಜ. ಆದರೆ ರೋಗಿಗೆ ‘ಏನೂ ಇಲ್ಲ’ ಎನ್ನುವುದು, ಔಷಧಿ ನಿಲ್ಲಿಸುವುದು, ಮನೆಯವರನ್ನು ಕರೆಸುವುದು ಎಂಬ ಈ ಮೂರು ಕೆಲಸಗಳನ್ನು ಡಾಕ್ಟರುಗಳು ಇದೇ ಕ್ರಮದಲ್ಲಿ ಯಾವಾಗ ಮಾಡುತ್ತಾರೆಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಕಾದು ಕೂತವರಿಗೆಲ್ಲ ಗೊತ್ತು. ಚೆಲುವಮ್ಮ ಅಂಥ ಕಾರಿಡಾರಿನಲ್ಲಿ ಎರಡು ಸಲ ಕೂತವರು, ಗಂಡನಿಗಾಗಿ ಒಮ್ಮೆ, ಮೈದುನನಿಗಾಗಿ ಒಮ್ಮೆ. ಅವರು ಸೊಸೆಯ ಮುಖ ನೋಡಿದರು. ಸೊಸೆ ಸೊಪ್ಪನ್ನು ಅಲ್ಲೇ ಬಿಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮಹದೇವು ಕೆಲಸ ಆರಂಭಿಸಿದರು. ಕಾಫಿ ಒಂದು ಗುಟುಕು ಕುಡಿದರು. ಒಂದು ಕ್ಷಣ ಹಾಯೆನಿಸಿತು. ಖಚಿತಪಡಿಸಿಕೊಳ್ಳಲು ಇನ್ನೊಂದು ಗುಟುಕು ಕುಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಮಂಗಳಾ, ಕಾಫಿ ಚೆನ್ನಾಗಿದೆ” ಎಂದರು.

ಮಂಗಳಮ್ಮನ ಕೈಯಿಂದ ಸೋಸುವ ಜಾಲರಿ ಬಿತ್ತು. “ಏನಂದ್ರಿ?”

“ಚೆನ್ನಾಗಿದೆ ಅಂದೆ.”

ಮಂಗಳಮ್ಮ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಅಳು ಕೇಳಿಸಬಾರದೆಂದು ನಲ್ಲಿ ಬಿಟ್ಟರು. ಮಹದೇವು ಹೊಸ ಪುಸ್ತಕ ತೆರೆದರು. ಅದರಲ್ಲಿ ಮೂರು ಅಂಕಣ ಹಾಕಿದ್ದರು: ಕಂಡ ಒಳ್ಳೆಯದು, ಹೇಳಿದ್ದು ಯಾರಿಗೆ, ಪರಿಣಾಮ. ಮೊದಲ ಸಾಲಿನಲ್ಲಿ ಬರೆದರು: ‘ಕಾಫಿ. ಮಂಗಳಳಿಗೆ. ನಲ್ಲಿ ಬಿಟ್ಟುಕೊಂಡಿದ್ದಾಳೆ, ನೀರು ಪೋಲು.’

ಎದುರುಮನೆಯ ಸಣ್ಣಯ್ಯನದು ನೀರಿನ ಕ್ಯಾನ್ ಸಾಗಿಸುವ ಗೂಡ್ಸ್ ಆಟೊ. ಅದು ಮಹದೇವು ಮನೆಯ ಗೇಟಿಗೆ ಒಂಬತ್ತು ಇಂಚು ಅಡ್ಡ ನಿಲ್ಲುತ್ತದೆಂದು ನಾಲ್ಕು ವರ್ಷದಿಂದ ಜಗಳ. ಅವತ್ತು ಮಹದೇವು ಗೇಟಿನಲ್ಲಿ ನಿಂತು, “ಸಣ್ಣಯ್ಯಾ” ಎಂದರು.

“ಒಂಬತ್ತಿಂಚು ತಾನೇ? ಗೊತ್ತು ಕಣಣ್ಣೋ, ದಿನಾ ಯಾಕ್ ಏಳ್ತೀಯ!”

“ಅದಲ್ಲ. ಗಾಡೀನ ದಿನಾ ತೊಳೀತೀಯ. ಬಹಳ ಶುಚಿಯಾಗಿ ಇಟ್ಕೊಂಡಿದೀಯ. ಒಳ್ಳೇದು.”

ಸಣ್ಣಯ್ಯ ಎಂಜಿನ್ನು ಶುರುಮಾಡಿದ. ಗಾಡಿಯನ್ನು ಆಗಲೇ ಮೂರಡಿ ಹಿಂದಕ್ಕೆ ತೆಗೆದು ನಿಲ್ಲಿಸಿದ. ಸಂಜೆ ಆರು ಮೂಸಂಬಿ ಹಿಡಿದು ಮನೆಗೆ ಬಂದ. “ಮಾದೇವಣ್ಣ, ನಾನೇನಾರ ಒಂದ್ ಮಾತ್ ಅಂದಿದ್ರೆ ಮನಸಲ್ಲಿ ಮಡಿಕೋಬ್ಯಾಡಿ” ಎಂದು ಕೈಮುಗಿದ. ಮಹದೇವು ಪುಸ್ತಕದಲ್ಲಿ ಬರೆದರು: ‘ಪರಿಣಾಮ: ಮೂರಡಿ ಮತ್ತು ಆರು ಮೂಸಂಬಿ. ನಾಲ್ಕು ವರ್ಷ ಬೈದದ್ದಕ್ಕಿಂತ ಈ ವಿಧಾನ ಉತ್ತಮ.’

ಕಾರ್ಖಾನೆಯಲ್ಲಿ ಮ್ಯಾನೇಜರ್ ನಿರಂಜನ್ ಅವರ ಕೋಣೆಗೆ ಹೋಗಿ, “ಸರ್, ಹೊಸ ಹುಡುಗರ ಮೇಲೆ ನೀವು ರೇಗೋದಿಲ್ಲ. ಒಳ್ಳೇ ಗುಣ” ಎಂದರು. ಯಾರನ್ನೂ ಹೊಗಳದ ಮನುಷ್ಯ ಹೊಗಳಿದ್ದನ್ನೂ, ಮಧ್ಯಾಹ್ನ ಡಬ್ಬಿಯಲ್ಲಿ ಗಂಜಿ ತರುವುದನ್ನೂ ನಿರಂಜನ್ ಕೂಡಿಸಿ ನೋಡಿದರು. ಅರ್ಧ ಗಂಟೆಯಲ್ಲಿ ಮಹದೇವು ಅವರ ಕಬ್ಬಿಣದ ಸ್ಟೂಲು ಹೋಗಿ ದಿಂಬಿನ ಕುರ್ಚಿ ಬಂತು. ಅವರು ಎದ್ದು ನಿಂತರೆ ಲೇತ್ ಯಂತ್ರದ ಹುಡುಗರೂ ಎದ್ದು ನಿಲ್ಲತೊಡಗಿದರು. ಇದನ್ನೂ ‘ಪರಿಣಾಮ’ದ ಅಂಕಣಕ್ಕೆ ಸೇರಿಸಿದರು.

ಐದನೆಯ ದಿನ ಮಂಗಳಮ್ಮ ಮಂಚದ ಕೆಳಗೆ ಗುಡಿಸುವಾಗ ಆ ಪುಸ್ತಕ ಕೈಗೆ ಸಿಕ್ಕಿತು. ತೆರೆದ ಪುಟದಲ್ಲಿ ಇಷ್ಟಿತ್ತು: ‘ಒಂದು: ಬಸ್ಸು ಎರಡೇ ನಿಮಿಷ ತಡ. ಎರಡು: ಅಮ್ಮನ ಕೆಮ್ಮು ಕಡಿಮೆ. ಮೂರು: ಇವತ್ತೂ ಎದ್ದೆ.’

ಮೂರನೆಯದು ಏನೂ ಹೊಳೆಯದೆ ತುಂಬಿಸಿದ ಸಾಲು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೇರೇನೂ ಸಿಗಲಿಲ್ಲ’ ಎಂಬ ಟಿಪ್ಪಣಿಯೂ ಇತ್ತು. ಆದರೆ ‘ಇವತ್ತೂ ಎದ್ದೆ’ ಎಂಬಲ್ಲಿಗೇ ಮಂಗಳಮ್ಮನ ಕಣ್ಣು ಮಂಜಾಗಿಬಿಟ್ಟಿತ್ತು. ಪುಸ್ತಕವನ್ನು ಎದೆಗವಚಿಕೊಂಡು ಅತ್ತೆಯ ಹತ್ತಿರ ಓಡಿದರು.

“ಅತ್ತೆ, ಅವರಿಗೆ ಗೊತ್ತದೆ ಕಣತ್ತೆ. ಎಲ್ಲಾ ಗೊತ್ತಿದ್ದೂ ನಮ್ ಮುಂದೆ ನಗ್ತಾ ಅವ್ರೆ!”

ಅವತ್ತು ಸಂಜೆಯೇ ಊರಿಂದೂರಿಗೆ ಫೋನು ಹೋಯಿತು. ಮೊದಲು ಬಂದವರು ನಂಜನಗೂಡಿನ ಕಡೆಯಿಂದ ಚಿಕ್ಕಪ್ಪ ಚಿಕ್ಕಬಸವಯ್ಯ. ಒಂದು ಡಜನ್ ಮೂಸಂಬಿ, ಎರಡು ಬ್ರೆಡ್ಡು. ಮಹದೇವು ಅವರ ಎದುರು ಕೂತು ತೊಡೆ ಸವರಿಕೊಂಡು, “ನಮ್ಮ ಪಟೇಲರ ತಮ್ಮಂಗೂ ಇಂಗೇ ಕಣಪ್ಪ, ಗಂಟ್ಲಲ್ಲೇ. ಪಾಪ, ಮುದ್ದೆ ಮುದ್ದೆ ಅಂತಾನೇ ಓದ” ಎಂದರು.

“ಎಲ್ಲಿಗೆ ಹೋದ?”

ಚಿಕ್ಕಬಸವಯ್ಯ ಮೇಲೆ ಫ್ಯಾನಿನ ಕಡೆ ನೋಡಿದರು. ಮಹದೇವು ಕೂಡ ನೋಡಿದರು. ಫ್ಯಾನು ಸ್ವಲ್ಪ ಅಲುಗಾಡುತ್ತಿತ್ತು. ಅದನ್ನು ಹೇಳಬೇಕೆಂದುಕೊಂಡವರು, ಇದು ಒಳ್ಳೆಯದನ್ನು ಹುಡುಕುವ ಕಾಲವೆಂದು ನೆನಪಾಗಿ, “ಚಿಕ್ಕಪ್ಪ, ನೀವು ಇಷ್ಟು ದೂರದಿಂದ ಬಂದಿರಲ್ಲ, ನಿಮ್ಮದು ದೊಡ್ಡ ಮನಸ್ಸು” ಎಂದರು. ಚಿಕ್ಕಬಸವಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಅವರು ಊರಿಗೆ ವಾಪಸ್ಸು ಹೋಗಲೇ ಇಲ್ಲ. “ಶನಿವಾರದ ತನಕ ಇದ್ದೇ ಓಯ್ತೀನಿ” ಎಂದು ಚೆಲುವಮ್ಮನಿಗೆ ಗುಟ್ಟಾಗಿ ಹೇಳಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡರು.

ಹತ್ತನೆಯ ದಿನಕ್ಕೆ ಮನೆಯಲ್ಲಿ ನಲವತ್ತೊಂದು ಮೂಸಂಬಿ ಇದ್ದವು. ತಾವು ಒಳ್ಳೆಯದನ್ನು ಹುಡುಕಲು ಹೊರಟ ಕೂಡಲೇ ಜಗತ್ತು ಇಷ್ಟು ಒಳ್ಳೆಯದಾಗುತ್ತದೆಂದು ಮಹದೇವು ನಿರೀಕ್ಷಿಸಿರಲಿಲ್ಲ. ಗಂಟಲು ಮಾತ್ರ ಹಾಗೇ ಇತ್ತು.

ಗುರುವಾರ ನಿಶಾಂತನ ತಂದೆ ವಿಶ್ವನಾಥ್ ಬಂದರು. ನಿವೃತ್ತ ಹೆಡ್‌ಮಾಸ್ಟರು, ತೂಕದ ಮಾತಿನವರು. ಅವತ್ತು ಮಾತ್ರ ತೂಕ ಸಿಗದೆ ಒದ್ದಾಡಿದರು.

“ನಾವು ಅವಸರ ಮಾಡ್ತಿದೀವಿ ಅಂದ್ಕೋಬೇಡಿ. ಆಷಾಢಕ್ಕೆ ಇನ್ನು ಹನ್ನೆರಡೇ ದಿನ. ಅಷ್ಟರೊಳಗೆ ಮನೆ ಮುಂದೆ ಒಂದು ಚಪ್ಪರ ಹಾಕಿ ಸರಳವಾಗಿ ಮುಗಿಸಿಬಿಡೋಣ. ನಿಮ್ಮ ಕಣ್ಣ ಮುಂದೆ ಆಗಿಬಿಡಲಿ.”

“ನನ್ನ ಕಣ್ಣ ಮುಂದೆ ಅಲ್ಲದೆ ಇನ್ನೆಲ್ಲಿ ಆಗುತ್ತೆ?” ಎಂದರು ಮಹದೇವು.

ಎಲ್ಲರೂ ತಲೆ ತಗ್ಗಿಸಿದರು. ವಿಶ್ವನಾಥ್ ಮಂಗಳಮ್ಮನ ಕಡೆ ತಿರುಗಿ ದನಿ ತಗ್ಗಿಸಿ, “ನಾಳೆ ಹೆಚ್ಚುಕಮ್ಮಿ ಆದರೆ ಒಂದು ವರ್ಷ ಶುಭಕಾರ್ಯ ಮಾಡೋ ಹಾಗಿಲ್ಲ ನೋಡಿ, ಅದಕ್ಕೇ” ಎಂದರು. ಮಹದೇವು ಅವರಿಗೆ ಇದು ಕೇಳಿಸಲಿಲ್ಲ. ಮದುವೆ ಎಂಬ ಮಾತು ಬಂದೊಡನೆ ಗಂಟಲು ಬಿಗಿದು, ಅವರು ನೀರು ಹುಡುಕುತ್ತಿದ್ದರು. ಕುಡಿದು ಬಂದು ಮತ್ತೆ ಹೇಳಿದ್ದು “ನೋಡೋಣ.”

ಗಗನ ಅಮ್ಮನನ್ನು ಹಿತ್ತಿಲಿಗೆ ಕರೆದಳು. ಅವಳ ಮೂಗು ಕೆಂಪಾಗಿತ್ತು. “ಅಪ್ಪ ಹೋಗೋ ಹೊತ್ತಲ್ಲಿ ಅರಿಶಿನ ಹಚ್ಕೊಂಡು ಕೂರೋಳು ನಾನಲ್ಲಮ್ಮ. ಶನಿವಾರ ಡಾಕ್ಟರು ಏನಂತಾರೋ ಕೇಳ್ತೀನಿ. ಅಪ್ಪ ಉಳಿಯಲ್ಲ ಅಂದ್ರೆ, ನನ್ನ ಮರೆತುಬಿಡು ಅಂತ ಅಲ್ಲೇ ನಿಶಾಂತ್‌ಗೆ ಹೇಳ್ಬುಡ್ತೀನಿ.”

ಶನಿವಾರ ಬಂತು. ಮಹದೇವು ಅವರ ಲೆಕ್ಕದ ಪ್ರಕಾರ ಹೋಗಬೇಕಾದವರು ನಾಲ್ಕು ಜನ. ಬೀದಿಗೆ ಬಂದು ನೋಡಿದರೆ ವಿಶ್ವನಾಥ್ ಅವರ ಕಾರು ನಿಂತಿತ್ತು, ಒಳಗೆ ನಿಶಾಂತ್ ಇದ್ದ. ಅದರ ಹಿಂದೆ ಸಣ್ಣಯ್ಯನ ಗೂಡ್ಸ್ ಆಟೊ. ಆಟೊದಲ್ಲಿ ನೀರಿನ ಕ್ಯಾನ್‌ಗಳ ಬದಲು ಒಂದು ಹಾಸಿಗೆ, ಒಂದು ದಿಂಬು, ಪಕ್ಕದಲ್ಲಿ ಚಿಕ್ಕಬಸವಯ್ಯ.

“ಹಾಸಿಗೆ ಯಾಕೆ ಸಣ್ಣಯ್ಯ?”

“ಬರೋವಾಗ ಬೇಕಾಗ್ಬೋದು ಕಣಣ್ಣ” ಎಂದು ಸಣ್ಣಯ್ಯ ಬೇರೆ ಕಡೆ ನೋಡಿದ.

ಮೆರವಣಿಗೆ ರಿಂಗ್ ರೋಡಿನಲ್ಲಿ ಸಾಗಿ ಸಿದ್ಧಾರ್ಥನಗರ ತಲುಪಿತು. ಎಂಟು ಜನ ಒಳಗೆ ನುಗ್ಗಿದಾಗ ರಮಾಮಣಿ ಪಕ್ಕದ ಮನೆಯಿಂದ ಮೂರು ಕುರ್ಚಿ ತರಿಸಬೇಕಾಯಿತು. ಆದರೂ ಅವರಿಗೆ ಸಂತೋಷವೇ ಆಯಿತು. ಇಷ್ಟು ಕಾಳಜಿಯ ಕುಟುಂಬವನ್ನು ಅವರು ಹಿಂದೆ ನೋಡಿರಲಿಲ್ಲ.

“ಮೊದಲು ಒಬ್ಬೊಬ್ಬರೂ ಮಹದೇವು ಅವರಲ್ಲಿ ನಿಮಗೆ ಇಷ್ಟವಾದ ಒಂದು ಗುಣ ಹೇಳಿ” ಎಂದರು.

ಚಿಕ್ಕಬಸವಯ್ಯ ಎದ್ದು ಟವೆಲ್ಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. “ಊರಲ್ಲಿ ಇವನಂತೋನು ಇನ್ನೊಬ್ಬ ಉಟ್ಟಕ್ಕಿಲ್ಲ” ಎಂದು ಹೇಳಿ ಕೂತರು. ಸಣ್ಣಯ್ಯ, “ನಂಗೆ ಅಳತೆ ಅಂದ್ರೇನು ಅಂತ ಕಲಿಸಿದ್ ಗುರುಗಳು” ಎಂದು ಕಣ್ಣೊರೆಸಿಕೊಂಡ. ವಿಶ್ವನಾಥ್ ಒಂದು ನಿಮಿಷ ಮೌನವಾಗಿ ನಿಂತರು, ಜೊತೆಗೆ ಇನ್ನಿಬ್ಬರು ಎದ್ದು ನಿಂತರು. ಮಹದೇವು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಅಂಕಣ ಸಾಲದೆ ಪುಟ ತಿರುಗಿಸಿದರು.

ಚೆಲುವಮ್ಮನ ಸರದಿ ಬಂತು. ಅವರು ಗುಣ ಹೇಳಲಿಲ್ಲ. ರಮಾಮಣಿಯವರ ಕೈ ಹಿಡಿದುಕೊಂಡರು.

“ಎಷ್ಟ್ ದಿನ ಅಂತ ಒಂದೇ ಸಲ ಏಳ್ಬುಡು ತಾಯಿ.”

“ಏನು ಎಷ್ಟು ದಿನ ಅಮ್ಮಾ?”

“ನನ್ ಮಗ ಇನ್ನೆಷ್ಟ್ ದಿನ ಇದ್ದಾನು? ಮುಚ್ಚಿಡಬ್ಯಾಡ ಕಣವ್ವ. ಅನ್ನ ಇಳೀತಿಲ್ಲ ನಂಗೆ.”

ಯಾರೀ ಮಗ, ಪಾಪ, ಎಂದು ಮಹದೇವು ಮರುಕದಿಂದ ತಲೆಯೆತ್ತಿದರು. ಚೆಲುವಮ್ಮನಿಗೆ ಇರುವುದು ಒಬ್ಬನೇ ಮಗ ಎಂಬುದು ನೆನಪಾಗಲು ಅವರಿಗೆ ಮೂರು ಸೆಕೆಂಡು ಬೇಕಾಯಿತು.

“ನಾನಾ?!”

ರಮಾಮಣಿ ಫೈಲು ತೆರೆದು, ಒಂದೊಂದೇ ವರದಿಯನ್ನು ಎತ್ತಿ ಎಲ್ಲರಿಗೂ ಕೇಳುವಂತೆ ಓದಿದರು. ಗಡ್ಡೆ ಇಲ್ಲ. ಹುಣ್ಣಿಲ್ಲ. ರಕ್ತ ಸರಿ. ಹೃದಯ ಸರಿ. “ಇವರಿಗೆ ಯಾವ ಕಾಯಿಲೆಯೂ ಇಲ್ಲ. ಗಂಟಲಿನ ಸ್ನಾಯು ಬಿಗಿದುಕೊಂಡಿದೆ, ಅಷ್ಟೆ. ನಾನು ಮನಸ್ಸಿನ ಡಾಕ್ಟರು. ಒಳ್ಳೇದನ್ನ ಹುಡುಕಿ ಎಲ್ಲರಿಗೂ ಹೇಳಿ ಅಂತ ಇವರಿಗೆ ಹೇಳಿದ್ದು ನಾನೇ. ಅದು ಚಿಕಿತ್ಸೆ.”

ಕೋಣೆಯಲ್ಲಿ ಮೊದಲು ಒಂದು ದೊಡ್ಡ ಉಸಿರು ಹೊರಬಂತು. ಅದರ ಹಿಂದೆಯೇ ಕೋಪ ಬಂತು.

“ಅಂಗಾದ್ರೆ ನನ್ ಮೂಸಂಬಿ?” ಎಂದರು ಚಿಕ್ಕಬಸವಯ್ಯ. “ಅತ್ತು ಅತ್ತು ಟವಲ್ಲೆಲ್ಲಾ ಒದ್ದೆ ಮಾಡ್ಕೊಂಡ್ನಲ್ಲೋ!”

“ಅದ್ನೈದ್ ದಿನದಿಂದ ಮೂರಡಿ ಇಂದಕ್ಕೆ ನಿಲ್ಲುಸ್ತಾ ಇವ್ನಿ! ಮೋರಿ ಪಕ್ದಲ್ಲಿ!” ಎಂದ ಸಣ್ಣಯ್ಯ.

ಮಂಗಳಮ್ಮ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದರು. “ಡಾ‌ಕ್ಟ್ರು ಹೇಳು ಅಂದ್ರು ಅಂತ ಹೇಳಿದ್ರಾ? ಕಾಫಿ ನಿಜವಾಗ್ಲೂ ಚೆನ್ನಾಗಿತ್ತಾ ಇಲ್ವಾ, ಅದ್ ಹೇಳ್ರಿ ಮೊದ್ಲು.”

ಮಹದೇವು ಪುಸ್ತಕದ ಮೊದಲ ಪುಟ ತೆಗೆದು ಅವರ ಮುಂದೆ ಹಿಡಿದರು. “ಬರೆದಿದೀನಲ್ಲ. ನಾನು ಯಾವತ್ತಾದ್ರೂ ಸುಳ್ಳು ರಿಪೋರ್ಟ್ ಬರೆದಿದೀನಾ?”

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇದಕ್ಕಿಂತ ಗಟ್ಟಿಯಾದ ಪ್ರೀತಿಯ ಮಾತು ಮಂಗಳಮ್ಮನಿಗೆ ಸಿಕ್ಕಿರಲಿಲ್ಲ. ಅವರು ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಸರಿ. ಇದು ಶುರುವಾದದ್ದು ಯಾವತ್ತು?” ಎಂದರು ರಮಾಮಣಿ.

“ಏಪ್ರಿಲ್ ಹದಿಮೂರು, ಭಾನುವಾರ, ಮಧ್ಯಾಹ್ನ ಎರಡು ಹತ್ತು.”

ಗಗನ ತಟ್ಟನೆ ತಲೆಯೆತ್ತಿದಳು. “ಅವತ್ತು ನಿಶಾಂತ್ ಊಟಕ್ಕೆ ಬಂದಿದ್ದು. ನಾನು ‘ಹೆಂಗಪ್ಪಾ’ ಅಂದಾಗ.”

ವಿಶ್ವನಾಥ್ ಎದ್ದೇಬಿಟ್ಟರು. “ಅಂದರೆ ನಮ್ಮ ಹುಡುಗ ಇವರ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿದಾನೆ ಅಂತಲಾ? ಇಷ್ಟವಿಲ್ಲದಿದ್ದರೆ ನೇರವಾಗಿ ಹೇಳಬಹುದಿತ್ತಲ್ಲ ಸ್ವಾಮಿ!”

“ಇಷ್ಟವಿಲ್ಲ ಅಂದೋರು ಯಾರು?” ಮಹದೇವು ಜೇಬಿನಿಂದ ಮಡಚಿ ಮಡಚಿ ಸವೆದ ಪಟ್ಟಿಯನ್ನು ತೆಗೆದುಕೊಟ್ಟರು. ಅದು ಕೈಯಿಂದ ಕೈಗೆ ಹೋಗಿ ನಿಶಾಂತನನ್ನು ತಲುಪಿತು. ಅವನು ತನ್ನ ತಪಾಸಣೆಯ ವರದಿಯನ್ನು ತಾನೇ ಗಟ್ಟಿಯಾಗಿ ಓದಿದ.

“ಚಪ್ಪಲಿ, ಸರಿ. ಅಜ್ಜಿಗೆ ಉತ್ತರ, ಸರಿ. ಮುದ್ದೆ, ಸರಿ. ನಲ್ಲಿ, ಸರಿ. ಗಗನ ಮಾತಾಡುವಾಗ ಕೇಳಿಸಿಕೊಳ್ಳುತ್ತಾನೆ, ಸರಿ.” ಅವನು ಒಮ್ಮೆ ಗಗನಳ ಕಡೆ ನೋಡಿ ಕೊನೆಯ ಸಾಲಿಗೆ ಬಂದ. “ಇಪ್ಪತ್ಮೂರಕ್ಕೆ ಇಪ್ಪತ್ಮೂರು. ಸಹಿ ಹಾಕಿಲ್ಲ.”

“ಎಲ್ಲ ಸರಿ ಇದ್ದರೆ ಸಹಿ ಯಾಕೆ ಹಾಕಲಿಲ್ಲ ಮಹದೇವು ಅವರೇ?” ರಮಾಮಣಿ ಮೆತ್ತಗೆ ಕೇಳಿದರು.

ಮಹದೇವು ಗಂಟಲು ಹಿಡಿದುಕೊಂಡರು. ಮಂಗಳಮ್ಮ ನೀರಿನ ಲೋಟ ಚಾಚಿದರು. ಅವರು ತೆಗೆದುಕೊಳ್ಳಲಿಲ್ಲ.

“ಸಹಿ ಬಿದ್ದ ಮಾಲು ಗೇಟು ದಾಟುತ್ತೆ ಮೇಡಂ. ಆಮೇಲೆ ನನ್ನ ಮೇಜಿಗೆ ವಾಪಸ್ಸು ಬರೋದು ಕೆಟ್ಟುಹೋದರೆ ಮಾತ್ರ. ಇಪ್ಪತ್ತೆಂಟು ವರ್ಷದಲ್ಲಿ ಚೆನ್ನಾಗಿರೋ ಒಂದೇ ಒಂದು ಪೀಸು ವಾಪಸ್ಸು ಬಂದಿದ್ದು ನಾನು ನೋಡಿಲ್ಲ.”

ಚಿಕ್ಕಬಸವಯ್ಯ ಒದ್ದೆ ಟವೆಲ್ಲನ್ನೇ ಮತ್ತೆ ಕೈಗೆತ್ತಿಕೊಂಡರು.

“ಅಪ್ಪಾ,” ಗಗನಳ ದನಿಯಲ್ಲಿ ಅಳುವೂ ಇತ್ತು, ಶಾಲೆಯ ಮೇಡಮ್ಮಿನ ಗದರಿಕೆಯೂ ಇತ್ತು, “ನಾನೇನು ಹಿತ್ತಾಳೆ ಬುಷ್ಷಾ? ಬೋಗಾದಿ ಎಷ್ಟು ದೂರ ಇದೆ? ಚೆನ್ನಾಗಿದ್ರೂ ಬರ್ತೀನಿ. ಭಾನುವಾರ ಭಾನುವಾರ ಮುದ್ದೆಗೇ ಬರ್ತೀನಿ.”

“ನಾನೂ ಬರ್ತೀನಿ” ಎಂದ ನಿಶಾಂತ್.

“ಮೂರು ಪಾಯಿಂಟ್ ಎಂಟು” ಎಂದರು ಮಹದೇವು.

“ಏನಪ್ಪಾ?”

“ಕಿಲೋಮೀಟರು. ನಮ್ಮ ಗೇಟಿಂದ ಅವರ ಗೇಟಿಗೆ. ಮಾರನೇ ದಿನವೇ ಹೋಗಿ ಅಳೆದು ಬಂದೆ.”

ಹೀಗೆಂದು ಅವರು ಅಂಗಿಯ ಜೇಬಿನಿಂದ ಹಸಿರು ಚೀಟಿಯೊಂದನ್ನು ತೆಗೆದರು. ಮೊಣಕಾಲಿನ ಮೇಲಿಟ್ಟು ಸಹಿ ಹಾಕಿದರು. ಹೆಬ್ಬೆರಳು ಎಂದಿನಂತೆ ಒಂದು ಕ್ಷಣ ಹಿಂದೆಮುಂದೆ ನೋಡಿತು. ಆಮೇಲೆ ಎದ್ದುಹೋಗಿ ನಿಶಾಂತನ ಎದೆಯ ಮೇಲೆ ಅಂಟಿಸಿ, ಅಂಚು ಏಳದಂತೆ ಎರಡು ಸಲ ಒತ್ತಿದರು. ಹುಡುಗ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ. ಸಣ್ಣಯ್ಯ ಚಪ್ಪಾಳೆ ತಟ್ಟಿದ. ಮಂಗಳಮ್ಮ ವಿಶ್ವನಾಥ್ ಅವರ ಕಡೆ ತಿರುಗಿ, “ಆಷಾಢ ಕಳ್ದು ಶ್ರಾವಣದಲ್ಲಿ ನಿಧಾನವಾಗೇ ಮಾಡಣ ಬುಡಿ” ಎಂದರು.

ವಾಪಸ್ಸು ಬರುವಾಗ ಹಾಸಿಗೆಯ ಮೇಲೆ ಚೆಲುವಮ್ಮ ಮಲಗಿದರು. ಹದಿನೈದು ದಿನದ ನಿದ್ದೆ ಬಾಕಿಯಿತ್ತು. ಸಣ್ಣಯ್ಯ ಹಳ್ಳ ಕಂಡಲ್ಲೆಲ್ಲ ಗಾಡಿಯನ್ನು ನಿಧಾನ ಮಾಡಿದ.

ಮಧ್ಯಾಹ್ನ ಮಂಗಳಮ್ಮ ಎಲ್ಲರಿಗೂ ಮುದ್ದೆ ಕಟ್ಟಿದರು. ಸೊಪ್ಪಿನ ಸಾರು. ಮಹದೇವು ಅವರ ತಟ್ಟೆಯ ಸುತ್ತ ಏಳು ಜನ ಕೂತು, ತಮ್ಮ ತಟ್ಟೆ ಮುಟ್ಟದೆ, ಅವರ ಗಂಟಲನ್ನೇ ನೋಡತೊಡಗಿದರು. ಮಹದೇವು ಒಂದು ತುತ್ತು ಮುರಿದರು. ಸಾರಿನಲ್ಲಿ ಅದ್ದಿದರು. ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು.

ಗಂಟಲ ಗುಬುಟು ಮೇಲಕ್ಕೆ ಹೋಯಿತು. ಅಲ್ಲೇ ಸ್ವಲ್ಪ ನಿಂತಿತು. ಕೆಳಕ್ಕೆ ಇಳಿಯಿತು.

ಎರಡನೆಯ ತುತ್ತು ಕೇಳದೆಯೇ ಹೋಯಿತು. ಮೂರನೆಯದಕ್ಕೆ ಅವರು ಕಣ್ಣು ಬಿಟ್ಟುಕೊಂಡೇ ನುಂಗಿದರು.

“ಹೆಂಗದೆ?” ಎಂದರು ಮಂಗಳಮ್ಮ.

ಮಹದೇವು ಯೋಚಿಸಿದರು. ಹದಿನೈದು ದಿನದ ಗಡುವು ಅವತ್ತಿಗೆ ಮುಗಿದಿತ್ತು.

“ಸಾರಿಗೆ ಒಂದು ಚಿಟಿಕೆ ಉಪ್ಪು ಕಡಿಮೆ. ಮುದ್ದೆಯಲ್ಲಿ ಈ ಎಡಗಡೆ ಸಣ್ಣದೊಂದು ಗಂಟಿದೆ, ಸರಿಯಾಗಿ ತಿರುವಿಲ್ಲ.”

“ಬದುಕ್ದ ಕಣ್ರವ್ವ ನನ್ ಮಗ!” ಎಂದು ಚೆಲುವಮ್ಮ ಎರಡು ಕೈಯೆತ್ತಿ ಕೂಗಿದರು. ಮಂಗಳಮ್ಮ ನಗುತ್ತ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಕೇಳದೆಯೇ ಇನ್ನೊಂದು ಮುದ್ದೆ ಬಡಿಸಿದರು. “ಗಂಟಿದ್ರೆ ಗಂಟ್ ಸಮೇತ ನುಂಗ್ರಿ” ಎಂದರು. ಎಲ್ಲರೂ ತಮ್ಮ ತಮ್ಮ ತಟ್ಟೆಗೆ ಕೈ ಹಾಕಿದರು.

ಊಟ ಮುಗಿಸಿ ಮೊದಲು ಎದ್ದವನು ಸಣ್ಣಯ್ಯ. ಹೊರಗೆ ಹೋಗಿ, ಮೋರಿಯ ಪಕ್ಕದಿಂದ ಗಾಡಿ ತೆಗೆದು, ನಾಲ್ಕು ವರ್ಷದ ಹಳೆಯ ಜಾಗಕ್ಕೇ ತಂದು ನಿಲ್ಲಿಸಿದ. ಎಂಜಿನ್ನು ಆರಿಸಿ ಕಿವಿಗೊಟ್ಟು ಕಾದ.

“ಸಣ್ಣಯ್ಯಾ!” ಒಳಗಿಂದ ಮಹದೇವು ಅವರ ಗಂಟಲು ಬೀದಿಯ ಕೊನೆಯವರೆಗೂ ಕೇಳಿಸಿತು. “ಒಂಬತ್ತಿಂಚು!”

ಸಣ್ಣಯ್ಯ ನೆಮ್ಮದಿಯಿಂದ ಗಾಡಿ ಇಳಿದ.